ಕೂಲಿ ತೀರಿದ ಮೇಲೆ ಉಳಿಯುವ ಸಾಲ

ಕೂಲಿಯಾಳಿಗೆ ಹೊತ್ತು ಮುಳುಗುವದರೊಳಗೆ ಕೂಲಿಯನ್ನು ಕೊಟ್ಟವನು ಋಣಮುಕ್ತನಾದನೆಂದು ಲೋಕವು ಎಣಿಸುತ್ತದೆ. ಈ ಮಾತು ಎಲ್ಲಾ ಕೆಲಸಗಳಲ್ಲಿಯೂ ಸತ್ಯವೋ ಎಂಬದನ್ನು ನಾವು ಈ ತಿಂಗಳು ಸ್ವಲ್ಪ ವಿಚಾರಿಸೋಣ.

ಸಂಡೂರಿನ ಸಮೀಪದ ಒಂದು ಹಳ್ಳಿಯಲ್ಲಿ ನಾವು ಒಬ್ಬ ಮುದುಕನನ್ನು ಕಂಡೆವು. ಅವನು ಪ್ರಾಯಕಾಲದಲ್ಲಿ ಗಣಿಯ ಬಂಡೆಗೆ ಕುಳಿ ಕೊರೆದವನು. ಈಗ ಮನೆಯ ಬಾಗಲಿನಿಂದ ನೀರಿನ ನಲ್ಲಿಯ ವರೆಗೆ ಹೋಗುವಷ್ಟರಲ್ಲಿ ಮೂರು ಸಾರಿ ನಿಂತು ಉಸಿರನ್ನು ಎಳೆದುಕೊಳ್ಳುತ್ತಾನೆ. ಕೆಲಸ ಕೊಟ್ಟವರಿಗೆ ಇದನ್ನು ತಿಳಿಸಿದೆಯೋ ಎಂದು ಕೇಳಲಾಗಿ, "ಕೂಲಿ ತಗಂಡೀನಲ್ಲ ಅಯ್ಯನವರೇ, ಇನ್ನೇನು ಕೇಳ್ಲಿ?" ಅಂದನು. ಆ ಗಳಿಗೆಯಲ್ಲಿ ನಮಗೆ ಉತ್ತರವು ತೋಚಲಿಲ್ಲ.

ಸಂಡೂರು ಬೆಟ್ಟಗಳ ಕಬ್ಬಿಣದ ಬಂಡೆಯನ್ನು ಒಡೆದು ನೋಡಿದರೆ, ಅನೇಕ ಕಡೆಗಳಲ್ಲಿ ಅದಿರಿನ ಪದರವೂ ಬೆಣಚಿನ ಪದರವೂ ಒಂದರ ಮೇಲೊಂದಾಗಿ ಕಾಣುತ್ತವೆ. ಹೊಸಪೇಟೆಯ ದಾರಿಯಲ್ಲಿ ಎಲೆಗಳಿಗೂ ಬಟ್ಟೆಗಳಿಗೂ ಅಂಟುವ ಕೆಂಧೂಳನ್ನು ಎಲ್ಲರೂ ಬಲ್ಲರು. ಆದರೆ ಕಬ್ಬಿಣದ ಧೂಳಿಗಿಂತ ಬೆಣಚಿನ ಧೂಳು ಬಹಳ ಕ್ರೂರವಾದದ್ದು. ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಅದರ ಕಣಗಳು ಶ್ವಾಸಕೋಶದ ಕಟ್ಟಕಡೆಯ ಗೂಡುಗಳಿಗೆ ಇಳಿದು, ಅಲ್ಲಿ ಗಾಯಮಾಡಿ, ಮೃದುವಾದ ಭಾಗವನ್ನು ಗಡುಸಾಗಿ ಮಾಡುತ್ತವೆ. ಇದಕ್ಕೆ ಸಿಲಿಕೋಸಿಸ್ ಎಂದು ಹೆಸರು. ಕಲ್ಲಿದ್ದಲ ಗಣಿಯವರ ಎದೆಯನ್ನು ಕೆಡಿಸುವ ಕಪ್ಪುಧೂಳಿನ ರೋಗವು ಇದರ ಒಡಹುಟ್ಟು. ಇದು ಸಾಮಾನ್ಯವಾಗಿ ಹತ್ತು ಇಪ್ಪತ್ತು ವರುಷಗಳ ಮೇಲೆ ತೋರುವದು. ಕೆಲಸ ಬಿಟ್ಟ ಮೇಲೆಯೂ ಹೆಚ್ಚುವದುಂಟು. ಕೆಟ್ಟ ಭಾಗವನ್ನು ಮೊದಲಿನಂತೆ ಮಾಡುವ ಔಷಧವಿಲ್ಲ. ಇಂಥವರನ್ನು ಕ್ಷಯವು ಸುಲಭವಾಗಿ ಹಿಡಿಯುವದು. ಕೆಲವು ಸಾರಿ ಈ ರೋಗವೇ ಕ್ಷಯವೆಂದು ಬರೆಯಲ್ಪಡುವದು.

ಇದು ಹೊಸದಾಗಿ ತಿಳಿದ ಸಂಗತಿಯಲ್ಲ. 1556ರಲ್ಲಿ ಅಚ್ಚಾದ ಅಗ್ರಿಕೋಲನ ಗ್ರಂಥದಲ್ಲಿಯೇ ಗಣಿಯ ಧೂಳು ಎದೆಯನ್ನು ಕೆಡಿಸುವದೆಂದು ಹೇಳಿದೆ. 1700ರಲ್ಲಿ ಇತಾಲಿಯ ವೈದ್ಯನಾದ ರಾಮಜೀನಿಯು, ರೋಗಿಯು ಮಾಡುವ ಕೆಲಸ ಯಾವದೆಂದು ಮೊದಲು ಕೇಳಬೇಕೆಂದು ವೈದ್ಯರಿಗೆ ಕಲಿಸಿದನು. ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ 1940ರಿಂದ 1946ರ ವರೆಗೆ ಕೆಲಸದವರನ್ನು ಪರೀಕ್ಷಿಸಲಾಗಿ, ನೂರಕ್ಕೆ 40ಕ್ಕಿಂತ ಹೆಚ್ಚು ಮಂದಿಯಲ್ಲಿ ಸಿಲಿಕೋಸಿಸ್ ಕಂಡುಬಂತು. ಆ ಗಣಿಯು 2001ರಲ್ಲಿ ಮುಚ್ಚಿತು. ಆದರೆ ಗಣಿಯು ಮುಚ್ಚಿದ ಮಾತ್ರಕ್ಕೆ ಎದೆಯಲ್ಲಿ ಸೇರಿದ ಧೂಳು ಹೊರಗೆ ಬರುವದಿಲ್ಲ.

ಹೀಗಿರಲಾಗಿ, ಕೆಲಸದವನು ಒಪ್ಪಿಯೇ ಬಂದನಲ್ಲಾ ಎಂದು ಕೆಲವರು ವಾದಿಸುತ್ತಾರೆ. ಯಾವನೂ ತಾನು ಅರಿಯದ್ದನ್ನು ಮಾರಲಾರನು. ಆ ಮುದುಕನು ಬೆವರನ್ನು ಮಾರಿದನು, ಉಸಿರನ್ನು ಮಾರಲಿಲ್ಲ. ಗಣಿಯಿಲ್ಲದಿದ್ದರೆ ಅನ್ನವೆಲ್ಲಿ ಎಂದು ಮತ್ತೆ ಕೆಲವರು ಕೇಳುತ್ತಾರೆ. ಈ ಪ್ರಶ್ನೆಯನ್ನು ನಾವು ಹಗುರವಾಗಿ ಎಣಿಸುವದಿಲ್ಲ. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಕೆಲಸವನ್ನು ತಡೆದಾಗ ಎಷ್ಟೋ ಮನೆಗಳ ಗಳಿಕೆಯು ನಿಂತಿತು. ಆದರೆ ಹಸಿವಿನಿಂದ ಬಂದ ಒಪ್ಪಿಗೆಯು ಪೂರಾ ಒಪ್ಪಿಗೆಯಲ್ಲ. ಅನ್ನ ಬೇಕಾದರೆ ಎದೆಯನ್ನು ಕೊಡಲೇಬೇಕೆಂಬ ನಿಯಮವೂ ಇಲ್ಲ. ಕೊರೆಯುವ ಬೈರಿಗೆಗೆ ನೀರು ಬಿಟ್ಟರೆ, ದಾರಿಗೆ ನೀರು ಚಿಮುಕಿಸಿದರೆ, ಲಾರಿಗಳಿಗೆ ಹೊದಿಕೆ ಹಾಕಿದರೆ ಧೂಳು ಬಹಳ ಮಟ್ಟಿಗೆ ಅಡಗುವದು. ಮೂಗಿಗೆ ಕಟ್ಟಿದ ಬರೀ ವಸ್ತ್ರವಾದರೋ ಸೂಕ್ಷ್ಮಕಣಗಳನ್ನು ತಡೆಯಲಾರದು. ಕೇಡನ್ನು ತಿಳಿದಿದ್ದು, ತಡೆಯುವ ಶಕ್ತಿಯುಳ್ಳವನಾಗಿ, ತಡೆಯದೆ ಬಿಟ್ಟವನ ಮೇಲೆ ಸಾಲವು ಉಳಿಯುತ್ತದೆ. ಗುತ್ತಿಗೆದಾರನ ಹಾಜರಿ ಪುಸ್ತಕದಲ್ಲಿ ಹೆಸರಿಲ್ಲವೆಂಬ ಕಾರಣದಿಂದ ಅದು ತೀರುವದಿಲ್ಲ. ಆ ಲೆಕ್ಕವು ಎದೆಯಲ್ಲಿಯೇ ಬರೆದದೆ.

ಕಂಪ್ಲಿಯ ಗದ್ದೆಗಳಲ್ಲಿರುವ ನಮಗೆ ಇದರಲ್ಲಿ ಪಾಲಿಲ್ಲವೆಂದು ಯಾರೂ ನೆನಸಬಾರದು. ನೇಗಿಲಿನ ಗುಳವೂ ರೈಲಿನ ಕಂಬಿಯೂ ಕಬ್ಬಿಣದ್ದೇ. ಆದದರಿಂದ ನಿಮ್ಮ ಊರಲ್ಲಿ ಗಣಿಯಲ್ಲಿ ದುಡಿದವನು ಬಹುದಿನ ಕೆಮ್ಮುತ್ತಿದ್ದರೆ, ಅವನ ಸಂಗಡ ಸರಕಾರಿ ಆಸ್ಪತ್ರೆಗೆ ಹೋಗಿರಿ. ಎಷ್ಟು ವರುಷ, ಯಾವ ಕೆಲಸ ಮಾಡಿದನೆಂದು ಡಾಕ್ಟರರಿಗೆ ತಪ್ಪದೆ ಹೇಳಿರಿ, ಎದೆಯ ಎಕ್ಸರೇ ತೆಗೆಸಿರಿ, ಕಾಗದಗಳನ್ನು ಜೋಪಾನವಾಗಿಡಿರಿ. ಕಫದ ಪರೀಕ್ಷೆಯನ್ನೂ ಬಿಡಬೇಡಿರಿ, ಯಾಕಂದರೆ ಕ್ಷಯಕ್ಕೆ ಔಷಧವುಂಟು.

ನಾವು ಪುನಃ ಆ ಮುದುಕನ ಬಾಗಲಿಗೆ ಹೋಗಲಿದ್ದೇವೆ. ಅಪ್ಪಾ, ನೀನು ತೆಗೆದುಕೊಂಡದ್ದು ಕೈಯ ಕೂಲಿ. ಉಸಿರಿನ ಬೆಲೆಯನ್ನು ಯಾರೂ ನಿನಗೆ ಕೊಟ್ಟಿಲ್ಲ, ಅದನ್ನು ಕೇಳುವದು ತಪ್ಪಲ್ಲ ಎಂದು ಹೇಳುವೆವು.