ಜಗ್ಗುವ ಹಗ್ಗ ಎಲ್ಲಿದೆ?

ಟೊಯೋಟಾ ಕಾರ್ಖಾನೆಗಳಲ್ಲಿ ಅಸೆಂಬ್ಲಿ ಲೈನಿನ ಪಕ್ಕಕ್ಕೆ ತೂಗುಬಿಡುವ ಹಗ್ಗ ಜಗತ್ಪ್ರಸಿದ್ಧ. ಕಾರಿನಲ್ಲಿ ಲೋಪ ಕಂಡ ಕಾರ್ಮಿಕ ಅದನ್ನು ಜಗ್ಗಬಹುದು. ಮೇಲಿನವರು ಓಡಿ ಬರುತ್ತಾರೆ. ಸರಿಹೋಗದಿದ್ದರೆ ಲೈನೇ ನಿಲ್ಲುತ್ತದೆ. ಮ್ಯಾನೇಜ್‌ಮೆಂಟ್ ಪಾಠ ಹೇಳುವವರು ಇದನ್ನು ದುಡಿಯುವವನಿಗೆ ಸಂದ ದೊಡ್ಡ ಗೌರವ ಎನ್ನುತ್ತಾರೆ. ಗೌರವವೇ ಸರಿ. ಬೋಲ್ಟು ಸಡಿಲವಾದರೆ ಹಗ್ಗವಿದೆ. ಬೋಲ್ಟು ಬಿಗಿಯುವವನ ಸೊಂಟ ಹಿಡಿದುಕೊಂಡರೆ?

ಅಂದಿನ ರಾಮನಗರ ಜಿಲ್ಲೆಯ ಬಿಡದಿಯಲ್ಲಿ 2020ರ ನವೆಂಬರ್ 9ರಂದು ಟೊಯೋಟಾ ಕಿರ್ಲೋಸ್ಕರ್ ಕಾರ್ಮಿಕರು ಧರಣಿ ಕೂತದ್ದು ಸಂಘದ ಒಬ್ಬ ಮುಂದಾಳಿನ ಅಮಾನತನ್ನು ವಿರೋಧಿಸಿ. ಒಳಗೆ ಕುದಿಯುತ್ತಿದ್ದದ್ದು ಕೆಲಸದ ವೇಗ. ಒಂದು ಕಾರಿಗೆ 3 ನಿಮಿಷ ಇದ್ದದ್ದನ್ನು 2.5ಕ್ಕೆ ಇಳಿಸಿದ್ದಾರೆ ಎಂಬುದು ಸಂಘದ ದೂರು. ಅರ್ಧ ನಿಮಿಷ ಏನು ಮಹಾ? ವಿರಾಮ ಲೆಕ್ಕಿಸದೆ ಎಂಟು ತಾಸಿನ ಪಾಳಿ ಎಂದು ಹಿಡಿಯಿರಿ: 160 ಕಾರಿದ್ದ ಕಡೆ 192 ಆಗುತ್ತದೆ. ಅದೇ ಮೈ 32 ಸಲ ಹೆಚ್ಚು ಬಗ್ಗಬೇಕು.

ಧರಣಿ ಅಶಿಸ್ತು, ಕಾನೂನುಬಾಹಿರ ಮುಷ್ಕರ ಎಂದಿತು ಆಡಳಿತ ಮಂಡಳಿ. ಮರುದಿನವೇ ಲಾಕೌಟ್. ಮುಷ್ಕರ, ಲಾಕೌಟ್ ಎರಡನ್ನೂ ಸರ್ಕಾರ ನಿಷೇಧಿಸಿತು. 19ರಂದು ಗೇಟು ತೆರೆಯಿತು, 23ಕ್ಕೆ ಮತ್ತೆ ಮುಚ್ಚಿತು. ಒಳಗೆ ಬರಬೇಕಾದರೆ ಸನ್ನಡತೆಯ ಮುಚ್ಚಳಿಕೆ ಬರೆದುಕೊಡಬೇಕು ಎಂಬ ಷರತ್ತು ಬಂತು. 2014ರಲ್ಲಿ ಇಲ್ಲೇ ಆದ ಲಾಕೌಟ್‌ನಲ್ಲೂ ಇದೇ ಷರತ್ತು, ಇದೇ ಹಟ. ಸಂಬಳ ಇಷ್ಟಾಗಲಿ ಎಂಬ ಜಗಳ ಎಲ್ಲೋ ಒಂದು ಕಡೆ ರಾಜಿಯಾಗುತ್ತದೆ. ಮುಚ್ಚಳಿಕೆಯಲ್ಲಿ ರಾಜಿಗೆ ಜಾಗವೇ ಇಲ್ಲ. ಸಹಿ ಹಾಕಿದವನು ತಪ್ಪು ತನ್ನದೇ ಎಂದು ಒಪ್ಪಿದಂತೆ. ಹಾಗಾಗಿ ತಿಂಗಳುಗಟ್ಟಲೆ ಎಳೆಯಿತು. ಅಮಾನತಾದವರ ಸಂಖ್ಯೆ ಅರವತ್ತು ದಾಟಿತು. 2021ರ ಮಾರ್ಚ್ ಮೊದಲ ವಾರದ ಹೊತ್ತಿಗೆ ಮುಷ್ಕರ ಮುಗಿದಿತ್ತು. ಗೆದ್ದರೆಂದು ಹೇಳಲು ನನಗಂತೂ ಬಾಯಿ ಬರುವುದಿಲ್ಲ.

ಲೋಕದ ಕಾರ್ಮಿಕರೆಲ್ಲ ಒಂದು ಎನ್ನುತ್ತೇವಲ್ಲ, ಅದು ಇಂಥ ಹೊತ್ತಿಗೆ ಎಷ್ಟು ದೂರ ನಡೆಯುತ್ತದೆ? ಟೊಯೋಟಾದ ಫಿಲಿಪ್ಪೀನ್ಸ್ ಕಾರ್ಖಾನೆ 2001ರಲ್ಲಿ 227 ಮಂದಿಯನ್ನು ಹೊರಹಾಕಿತು. ದೂರು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯವರೆಗೆ ಹೋಯಿತು, ಜಪಾನಿನಲ್ಲೇ ಬೆಂಬಲಿಗರ ಗುಂಪು ಕಟ್ಟಿಕೊಂಡಿತು. ಹೊರಬಿದ್ದವರಲ್ಲಿ ಹೆಚ್ಚಿನವರಿಗೆ ಕೆಲಸ ಮರಳಿ ಸಿಗಲಿಲ್ಲ.

ಹಾಗೆಂದು ಎಲ್ಲ ಕಡೆಯೂ ಸೋಲೇ ಅಲ್ಲ. ಬಿಡದಿಯಿಂದ ಮೈಸೂರಿನ ಹೆದ್ದಾರಿಯಲ್ಲಿ ಮುಂದೆ ಹೋದರೆ ಶ್ರೀರಂಗಪಟ್ಟಣ. ಅಲ್ಲಿ 2020ರ ಜೂನ್‌ನಲ್ಲಿ ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್‌ನ ಗಾರ್ಮೆಂಟ್ಸ್ ಘಟಕ ಮುಚ್ಚಿ ಸಾವಿರಕ್ಕೂ ಹೆಚ್ಚು ಮಂದಿ, ಬಹುಪಾಲು ಹೆಂಗಸರು, ಬೀದಿಗೆ ಬಿದ್ದರು. ಅವರು ಹೊಲಿಯುತ್ತಿದ್ದದ್ದು ಸ್ವೀಡನ್ನಿನ ಎಚ್ ಅಂಡ್ ಎಂ ಬಟ್ಟೆ. ಧರಣಿಯ ಸುದ್ದಿ ಯೂರೋಪಿಗೆ ಮುಟ್ಟಿತು. ಇಂಡಸ್ಟ್ರಿಆಲ್ ಎಂಬ ಜಾಗತಿಕ ಕಾರ್ಮಿಕ ಒಕ್ಕೂಟಕ್ಕೆ ಎಚ್ ಅಂಡ್ ಎಂ ಜೊತೆ ಮೊದಲೇ ಒಪ್ಪಂದವಿತ್ತು. 2021ರ ಆರಂಭದಲ್ಲಿ ಸಂಘಕ್ಕೆ ಮಾನ್ಯತೆ ಸಿಕ್ಕಿತು, ಮರಳಿ ಕೆಲಸ ಕೊಡುವ ಒಪ್ಪಂದವಾಯಿತು.

ಆ ಹೆಂಗಸರ ಛಲ ಸಣ್ಣದಲ್ಲ. ಬಿಡದಿಯವರದೂ ಅದಕ್ಕಿಂತ ಕಡಿಮೆಯಾಗಿರಲಿಲ್ಲ. ಫಲಿತಾಂಶ ಬೇರೆಯಾದದ್ದು ಗಿರಾಕಿ ಎಲ್ಲಿದ್ದಾನೆ ಎಂಬುದರಿಂದ ಎಂದು ನನ್ನ ಗುಮಾನಿ. ಅಂಗಿ ಕೊಳ್ಳುವವನು ಸ್ಟಾಕ್‌ಹೋಮಿನಲ್ಲಿದ್ದ, ಅವನ ಮುಂದೆ ತನ್ನ ಹೆಸರು ಕೆಡುವುದೆಂದು ಎಚ್ ಅಂಡ್ ಎಂಗೆ ಅಂಜಿಕೆಯಿತ್ತು. ಬಿಡದಿಯಲ್ಲಿ ತಯಾರಾಗುವ ಇನ್ನೋವಾ, ಫಾರ್ಚೂನರ್ ಕೊಳ್ಳುವವರು ನಾವೇ. ತಿರುಪತಿಗೆ ಹೊರಟ ಕುಟುಂಬ, ಏರ್‌ಪೋರ್ಟ್ ಟ್ಯಾಕ್ಸಿಯವನು, ಶಾಸಕ. ಬಿಡದಿಯ ಮಟ್ಟಿಗೆ ಸ್ಟಾಕ್‌ಹೋಮ್ ಎಂದರೆ ಬೆಂಗಳೂರು, ಮೈಸೂರು, ಮಂಗಳೂರು. ಆ ಚಳಿಗಾಲದಲ್ಲಿ ಗೇಟಿನ ಮುಂದಿನ ಹೆದ್ದಾರಿಯಲ್ಲಿ ಇನ್ನೋವಾಗಳು ಎಂದಿನಂತೆ ಓಡಾಡಿಕೊಂಡಿದ್ದವು. ದೂರದೇಶದವರ ಅಂತಃಸಾಕ್ಷಿಯನ್ನು ನೆಚ್ಚಿಕೊಳ್ಳುವುದರಲ್ಲಿ ನಮಗೊಂದು ಅನುಕೂಲವೂ ಇದೆ: ನಮ್ಮದನ್ನು ಯಾರೂ ಕೇಳುವುದಿಲ್ಲ.

ಮುಷ್ಕರ ನಿಷೇಧಿಸಿದ್ದು ಒಂದು ಪಕ್ಷದ ಸರ್ಕಾರ. 2023ರಲ್ಲಿ ಬಂದ ಇನ್ನೊಂದು ಪಕ್ಷದ ಸರ್ಕಾರ ಸಚಿವರಿಗಾಗಿ 33 ಇನ್ನೋವಾ ಹೈಕ್ರಾಸ್ ಕೊಳ್ಳಲು 9.9 ಕೋಟಿ ರೂಪಾಯಿ ಮಂಜೂರು ಮಾಡಿತು. ಇಷ್ಟು ದುಡ್ಡು ಬೇಕಿತ್ತೇ ಎಂದು ಜನ ಕೇಳಿದರು, ಕೇಳಬೇಕಾದದ್ದೇ. ಸಂಘ ಹೇಳಿದ ವೇಗದಲ್ಲಿ, 33 ಕಾರೆಂದರೆ ಒಂದು ಲೈನಿಗೆ ಒಂದೂವರೆ ತಾಸಿನೊಳಗಿನ ಕೆಲಸ.