ಮುದಿನಾಯಿಯ ಕೆಮ್ಮು ಮತ್ತು ಶ್ರಾವಕನ ಹೊಣೆ

ಅಹಿಂಸೆಯ ವಿಷಯ ಬಂದಾಗ ನಾವು ಕಸಾಯಿಖಾನೆ, ಬೇಟೆ, ಪ್ರಾಣಿಬಲಿಗಳನ್ನು ಕುರಿತು ಮಾತನಾಡುತ್ತೇವೆ. ಇವೆಲ್ಲವೂ ಜೈನಗೃಹದ ಹೊರಗೆ ನಡೆಯುವ ಸಂಗತಿಗಳು. ಅವುಗಳನ್ನು ಖಂಡಿಸುವುದರಿಂದ ನಮಗೆ ಹೆಚ್ಚಿನ ಶ್ರಮವಿಲ್ಲ. ವ್ರತದ ನಿಜವಾದ ಪರೀಕ್ಷೆ ನಮ್ಮ ಹೊಸ್ತಿಲಿನ ಒಳಗೇ ನಡೆಯುತ್ತದೆ. ಹತ್ತು ಹನ್ನೆರಡು ವರ್ಷ ಮನೆಯನ್ನೋ ಅಂಗಡಿಯ ಗೋದಾಮನ್ನೋ ಕಾದ ನಾಯಿಯೊಂದು ಮುದಿಯಾಗಿ, ನಡುರಾತ್ರಿ ಎದ್ದು ಕೆಮ್ಮತೊಡಗಿ, ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬಿಡುವಂತಾದರೆ ಆ ಮನೆಯ ಶ್ರಾವಕನ ಕರ್ತವ್ಯವೇನು?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಂತಹ ನಮ್ಮ ಊರುಗಳಲ್ಲಿ ಈ ಪ್ರಶ್ನೆಗೆ ಎರಡು ಉತ್ತರಗಳು ಕೇಳಿಬರುತ್ತವೆ. ‘ಅದರ ಕರ್ಮ ಅದು ಅನುಭವಿಸುತ್ತದೆ, ನಾವೇನು ಮಾಡಲಾದೀತು’ ಎಂಬುದು ಹಿರಿಯರ ಮಾತು. ‘ಒಂದು ಇಂಜೆಕ್ಷನ್ ಕೊಡಿಸಿದರೆ ನರಳಾಟ ಮುಗಿಯುತ್ತದೆ’ ಎಂಬುದು ಹೊಸ ತಲೆಮಾರಿನ ಮಾತು. ಇವೆರಡೂ ಪರಸ್ಪರ ವಿರುದ್ಧವೆಂಬಂತೆ ತೋರುತ್ತವೆ. ಆದರೆ ಎರಡರಲ್ಲಿಯೂ ಇರುವ ದೋಷ ಒಂದೇ: ನಾಯಿಗೆ ಏನಾಗಿದೆ ಎಂಬುದನ್ನು ತಿಳಿಯುವ ಮೊದಲೇ ಅದರ ವಿಷಯವನ್ನು ಮುಗಿಸಿಬಿಡುವ ಆತುರ. ಶಾಸ್ತ್ರದ ಭಾಷೆಯಲ್ಲಿ ಇದಕ್ಕೆ ಪ್ರಮಾದವೆಂದು ಹೆಸರು.

ಉಮಾಸ್ವಾತಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹರಣದ ಜೊತೆಗೆ ಪ್ರಮಾದವನ್ನು ಸೇರಿಸಿರುವುದು ಅರ್ಥಪೂರ್ಣವಾಗಿದೆ. ಎಚ್ಚರಗೇಡಿತನವೇ ಹಿಂಸೆಯ ಬೇರು. ನಾಯಿಯ ರೋಗ ಅದರ ಅಸಾತಾವೇದನೀಯ ಕರ್ಮದ ಉದಯವೆಂಬುದು ನಿಜ. ಆದರೆ ಅದನ್ನು ಕಂಡು ನಾವು ಉದಾಸೀನರಾಗುತ್ತೇವೆಯೋ ದಯಾಪರರಾಗುತ್ತೇವೆಯೋ ಎಂಬುದು ನಮ್ಮ ಪರಿಣಾಮ. ಅದರಿಂದ ಆಗುವ ಬಂಧವೂ ನಮ್ಮದೇ. ಮನೆಯ ಮಗುವಿಗೆ ಜ್ವರ ಬಂದರೆ ಕರ್ಮಸಿದ್ಧಾಂತವನ್ನು ಹೇಳಿ ಸುಮ್ಮನೆ ಕೂರುವವರನ್ನು ನಾನು ಕಂಡಿಲ್ಲ. ನಾಯಿಯೂ ಸಂಜ್ಞಿ ಪಂಚೇಂದ್ರಿಯ ಜೀವ. ಧರ್ಮದ ಬಲದಿಂದ ನಾಯಿ ದೇವನಾಗಬಹುದು, ಪಾಪದಿಂದ ದೇವನು ನಾಯಿಯಾಗಬಹುದು ಎಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿರುವುದನ್ನು ನಾವು ಅಲಂಕಾರದ ಮಾತೆಂದು ಬಗೆಯಬಾರದು.

ಆದುದರಿಂದ ಮೊದಲ ಕರ್ತವ್ಯ ತಿಳಿಯುವುದು. ಮುದಿನಾಯಿಯ ಕೆಮ್ಮೆಲ್ಲವೂ ಹೃದಯರೋಗವಲ್ಲ. ಪಮೇರಿಯನ್‌ನಂತಹ ಚಿಕ್ಕ ಜಾತಿಯ ನಾಯಿಗಳಲ್ಲಿ ಶ್ವಾಸನಾಳವೇ ಸಡಿಲಗೊಂಡು ಕುಸಿದು, ಬಾತುಕೋಳಿ ಕೂಗಿದಂತಹ ಒಣಕೆಮ್ಮು ಬರುವುದುಂಟು. ಶ್ವಾಸಕೋಶದ ಸೋಂಕು, ಹೊಗೆ ಮತ್ತು ಧೂಳುಗಳೂ ಕಾರಣವಾಗಬಹುದು. ಹೃದಯದ ದೋಷವೇ ಆಗಿದ್ದರೆ, ಚಿಕ್ಕ ಜಾತಿಗಳಲ್ಲಿ ಬಹುಮಟ್ಟಿಗೆ ಎಡಭಾಗದ ಎರಡು ಕೋಣೆಗಳ ನಡುವಿನ ಕವಾಟ ವಯಸ್ಸಿನೊಡನೆ ದಪ್ಪವಾಗಿ, ಸರಿಯಾಗಿ ಮುಚ್ಚದೆ, ರಕ್ತ ಹಿಂದಕ್ಕೆ ಸೋರುತ್ತದೆ. ಕ್ರಮೇಣ ಹೃದಯ ಹಿಗ್ಗಿ ಶ್ವಾಸನಾಳವನ್ನು ಒತ್ತುತ್ತದೆ. ಮುಂದೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಇವುಗಳ ಭೇದವನ್ನು ಪಶುವೈದ್ಯರು ಎದೆಯ ಸದ್ದನ್ನು ಆಲಿಸಿ, ಕ್ಷ-ಕಿರಣ ಚಿತ್ರ ಮತ್ತು ಎಕೋ ಪರೀಕ್ಷೆಗಳಿಂದ ಗುರುತಿಸಬಲ್ಲರು. ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ಮೊದಲ ಪರೀಕ್ಷೆ ಮಾಡಿಸಿ, ಅಲ್ಲಿನ ವೈದ್ಯರು ಸೂಚಿಸಿದರೆ ಶಿವಮೊಗ್ಗದ ಅಥವಾ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಕರೆದೊಯ್ಯಬಹುದು.

ಮನೆಯಲ್ಲಿ ಮಾಡಬಹುದಾದ ಒಂದು ಪರೀಕ್ಷೆಗೆ ಹಣವೇ ಬೇಡ. ನಾಯಿ ಗಾಢವಾಗಿ ಮಲಗಿರುವಾಗ ಅದರ ಎದೆ ನಿಮಿಷಕ್ಕೆ ಎಷ್ಟು ಬಾರಿ ಏರಿಳಿಯುತ್ತದೆ ಎಂದು ಎಣಿಸಬೇಕು. ಒಮ್ಮೆ ಏರಿ ಇಳಿದರೆ ಒಂದು ಉಸಿರು. ಸಾಮಾನ್ಯವಾಗಿ ಇದು 30ನ್ನು ಮೀರುವುದಿಲ್ಲ. ದಿನೇ ದಿನೇ ಬರೆದಿಟ್ಟ ಸಂಖ್ಯೆ 30ನ್ನು ದಾಟಿ ಅಲ್ಲಿಯೇ ನಿಂತರೆ ತಡಮಾಡದೆ ವೈದ್ಯರನ್ನು ಕಾಣಬೇಕು. ನಾಲಗೆ ನೀಲಿಗಟ್ಟಿದರೆ, ಮಲಗಲಾರದೆ ಕುಳಿತೇ ಉಸಿರಾಡತೊಡಗಿದರೆ ಬೆಳಗಿನವರೆಗೂ ಕಾಯಬಾರದು. ಅಂಗಡಿಯ ಲೆಕ್ಕವನ್ನು ಪೈಸೆ ಬಿಡದೆ ಬರೆಯುವ ನಾವು ಒಂದು ಜೀವದ ಉಸಿರಿನ ಲೆಕ್ಕವನ್ನು ಬರೆಯಲಾರೆವೆ?

ಚಿಕಿತ್ಸೆಯಿಂದ ಫಲವಿಲ್ಲವೆಂಬುದು ತಪ್ಪು ತಿಳಿವಳಿಕೆ. 2016ರಲ್ಲಿ ಪ್ರಕಟವಾದ, ಹನ್ನೊಂದು ದೇಶಗಳ 360 ನಾಯಿಗಳ ಮೇಲೆ ನಡೆದ ಅಧ್ಯಯನವೊಂದರಲ್ಲಿ, ಕವಾಟದ ದೋಷದಿಂದ ಹೃದಯ ಹಿಗ್ಗಿದ್ದರೂ ಇನ್ನೂ ಸೋಲದಿದ್ದ ನಾಯಿಗಳಿಗೆ ಪಿಮೊಬೆಂಡನ್ ಎಂಬ ಔಷಧಿಯನ್ನು ಕೊಟ್ಟಾಗ ಹೃದಯವೈಫಲ್ಯ ಸುಮಾರು 15 ತಿಂಗಳು ಮುಂದಕ್ಕೆ ಹೋಯಿತು. ನಾಯಿಯ ಆಯುಷ್ಯದಲ್ಲಿ ಹದಿನೈದು ತಿಂಗಳು ಅಲ್ಪಕಾಲವಲ್ಲ. ಆದರೆ ಔಷಧಿಯ ನಿರ್ಧಾರ ವೈದ್ಯರದು. ಮನುಷ್ಯರ ನೋವಿನ ಮಾತ್ರೆಗಳನ್ನೂ ಕೆಮ್ಮಿನ ಔಷಧಿಗಳನ್ನೂ ನಾಯಿಗೆ ಕುಡಿಸುವುದು ಅಪಾಯಕರ.

ಇನ್ನು ಅತಿಚಾರಗಳ ವಿಚಾರ. ಅಹಿಂಸಾಣುವ್ರತಕ್ಕೆ ಶಾಸ್ತ್ರಕಾರರು ಹೇಳಿರುವ ಐದು ಅತಿಚಾರಗಳು ಬಂಧ, ವಧ, ಛೇದ, ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ. ಎತ್ತು, ಕುದುರೆಗಳನ್ನು ಸಾಕಿದ ಕಾಲದ ಈ ಪಟ್ಟಿ ಇಂದಿನ ರೋಗಿ ನಾಯಿಗೂ ಅಕ್ಷರಶಃ ಅನ್ವಯಿಸುತ್ತದೆ. ಶ್ವಾಸಕೋಶದ ನೀರನ್ನು ಇಳಿಸಲು ಕೊಡುವ ಫ್ಯುರೋಸೆಮೈಡ್ ಮಾತ್ರೆಯಿಂದ ಮೂತ್ರ ಹೆಚ್ಚುತ್ತದೆ, ಬಾಯಾರಿಕೆಯೂ ಹೆಚ್ಚುತ್ತದೆ. ಮಡಿಯ ಮನೆಯಲ್ಲಿ ನೆಲ ಒದ್ದೆಯಾಗುತ್ತದೆಂದು ನೀರಿನ ಬಟ್ಟಲನ್ನು ತೆಗೆದಿಟ್ಟರೆ ಅದು ಪಾನನಿರೋಧ. ಹಿತ್ತಲಿನ ಬಿಸಿಲಿನಲ್ಲಿ ಕಟ್ಟಿಹಾಕಿದರೆ ಅದು ಬಂಧ. ಮೊದಲಿನಂತೆಯೇ ಓಡಿಸಿ, ಮೆಟ್ಟಿಲು ಹತ್ತಿಸಿದರೆ ಅದೂ ಒಂದು ಬಗೆಯ ಅತಿಭಾರವೇ. ಕೆಮ್ಮುವ ನಾಯಿಯ ಕೊರಳಪಟ್ಟಿಯನ್ನು ತೆಗೆದು ಎದೆಪಟ್ಟಿ ಹಾಕುವುದು, ಧೂಪದ ಹಾಗೂ ಒಲೆಯ ಹೊಗೆಯಿಂದ ದೂರವಿಡುವುದು, ಉಪ್ಪಿನಕಾಯಿ ಹಪ್ಪಳಗಳ ಚೂರನ್ನೂ ಹಾಕದಿರುವುದು, ಇವು ಸಣ್ಣ ಕೆಲಸಗಳಾದರೂ ವ್ರತಪಾಲನೆಯ ಅಂಗಗಳು. ಮಹಾವೀರಸ್ವಾಮಿಯ ನಿರ್ವಾಣದಿನವಾದ ದೀಪಾವಳಿಯಂದು ಪಟಾಕಿಯನ್ನು ಬಿಡಲು ಇದೂ ಒಂದು ಕಾರಣವಾಗಲಿ.

ಆಹಾರದ ಬಗ್ಗೆ ಒಂದು ಸೂಕ್ಷ್ಮವಿದೆ. ನಮ್ಮ ಮನೆಗಳಲ್ಲಿ ನಾಯಿಗೂ ಸಸ್ಯಾಹಾರವೇ. ಬೆಕ್ಕಿನಂತಲ್ಲದೆ ನಾಯಿಯು ಸಮತೋಲನವಾದ ಸಸ್ಯಾಹಾರದಿಂದ ಬದುಕಬಲ್ಲದು. ಆದರೆ ಬರಿಯ ಹಾಲು-ಅನ್ನ ಸಮತೋಲನದ ಆಹಾರವಲ್ಲ. ಹೃದಯಕ್ಕೆ ಬೇಕಾದ ಟಾರಿನ್ ಎಂಬ ಪದಾರ್ಥ ಮಾಂಸದಲ್ಲಿ ದೊರೆಯುತ್ತದೆ. ಹೆಚ್ಚಿನ ನಾಯಿಗಳು ಅದನ್ನು ದೇಹದಲ್ಲಿಯೇ ತಯಾರಿಸಿಕೊಂಡರೂ ಕೆಲವಕ್ಕೆ ಅದು ಸಾಲದು. ಮಾಂಸವನ್ನು ಬಳಸದೆ ಕೃತಕವಾಗಿ ತಯಾರಿಸಿದ ಟಾರಿನ್ ದೊರೆಯುತ್ತದೆ. ಮಾಂಸದ ರುಚಿ ಬೆರೆಸಿದ ಮಾತ್ರೆಗೂ ಜೆಲಟಿನ್ ಕೋಶಕ್ಕೂ ಬದಲಾಗಿ ಸಾದಾ ಮಾತ್ರೆ ಇದೆಯೇ ಎಂದು ವೈದ್ಯರನ್ನು ಕೇಳಬೇಕು. ರಾತ್ರಿಭೋಜನತ್ಯಾಗ ನಾವು ಸ್ವೀಕರಿಸಿದ ವ್ರತ. ಅದರ ಹೆಸರಿನಲ್ಲಿ ನಾಯಿಯ ರಾತ್ರಿಯ ಮಾತ್ರೆಯನ್ನು ತಪ್ಪಿಸಲಾಗದು. ನಮ್ಮ ವ್ರತದ ಭಾರವನ್ನು ನಾವು ಹೊರಬೇಕು, ಮೂಕಪ್ರಾಣಿಯ ದೇಹ ಹೊರಬಾರದು.

ಕಡೆಯದು ಮರಣದ ಪ್ರಶ್ನೆ. ಶ್ವಾಸಕೋಶ ನೀರಿನಿಂದ ತುಂಬಿದ ನಾಯಿಯ ಕಷ್ಟ ಮುಳುಗುವವನ ಕಷ್ಟದಂತಹದು. ಅದನ್ನು ನೋಡಲಾರದೆ ‘ಮುಗಿಸಿಬಿಡಿ’ ಎನ್ನುವವರನ್ನು ಕ್ರೂರಿಗಳೆಂದು ಜರೆಯುವುದು ಸುಲಭ, ಅವರಲ್ಲಿಯೂ ಕರುಣೆಯಿದೆ. ಆದರೆ ಈ ಪ್ರಶ್ನೆ ಹೊಸದಲ್ಲ. ದುಃಖಿತ ಜೀವಿಯನ್ನು ಕೊಂದರೆ ಅದರ ದುಃಖ ಬೇಗನೆ ತೀರುತ್ತದೆಂಬ ಭಾವನೆಯನ್ನು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಕತ್ತಿಗೆ ಹೋಲಿಸಿ, ಆ ಕತ್ತಿಯನ್ನು ಹಿಡಿಯಬೇಡಿರೆಂದಿದ್ದಾರೆ. ಸಲ್ಲೇಖನದ ಉದಾಹರಣೆಯನ್ನು ಇಲ್ಲಿಗೆ ತರುವುದೂ ಸಲ್ಲದು. ಸಲ್ಲೇಖನ ಸ್ವಂತ ಸಂಕಲ್ಪದಿಂದ, ಎಚ್ಚರದಿಂದ ಸ್ವೀಕರಿಸುವ ವ್ರತ. ಒಬ್ಬರ ಪರವಾಗಿ ಇನ್ನೊಬ್ಬರು ಅದನ್ನು ಕೈಗೊಳ್ಳಲಾಗದು. ನಾಯಿಗೆ ಆಹಾರ ನಿಲ್ಲಿಸಿ ಅದನ್ನು ಸಲ್ಲೇಖನವೆಂದು ಕರೆದರೆ ಅದು ಅನ್ನನಿರೋಧವೇ ಆಗುತ್ತದೆ.

ಆದರೆ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ‘ಕೊಲ್ಲಲಾರೆ’ ಎಂದವನು ಆ ಕ್ಷಣದಿಂದಲೇ ಉಪಚಾರದ ಹೊಣೆಯನ್ನು ಹೊತ್ತವನಾಗುತ್ತಾನೆ. ಇಂಜೆಕ್ಷನ್ ಬೇಡವೆಂದು ಹೇಳಿ, ನಾಯಿಯನ್ನು ಹಿತ್ತಲಿನಲ್ಲಿ ಕೆಮ್ಮಲು ಬಿಟ್ಟು, ತಾನು ಸಾಮಾಯಿಕಕ್ಕೆ ಕುಳಿತವನ ಅಹಿಂಸೆ ಅರ್ಧದಲ್ಲಿಯೇ ನಿಂತಿದೆ. ನೋವಿಗೆ, ಉಸಿರಾಟದ ಕಷ್ಟಕ್ಕೆ ಶಮನಕಾರಿ ಔಷಧಿಗಳಿವೆ, ಆಮ್ಲಜನಕವಿದೆ. ಕೊಲ್ಲುವ ಸಂಕಲ್ಪವಿಲ್ಲದೆ ಅವುಗಳನ್ನು ಕೊಡಿಸುವುದು ದಯೆಯೇ ಆಗಿದೆ. ಹಾಗೆಯೇ, ಗುಣವಾಗದೆಂದು ವೈದ್ಯರು ಹೇಳಿದ ಮೇಲೆ ನಮ್ಮ ಮೋಹಕ್ಕಾಗಿ ಅದನ್ನು ಊರಿಂದೂರಿಗೆ ಅಲೆಸಿ ಬಾಧಿಸುವುದೂ ಸರಿಯಲ್ಲ. ಮುದಿನಾಯಿಯನ್ನು ದೂರದ ಸಂತೆಯಲ್ಲೋ ಹೆದ್ದಾರಿಯಲ್ಲೋ ಬಿಟ್ಟುಬರುವುದಂತೂ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರವೂ ಅಪರಾಧ.

ಜೀವಂಧರಸ್ವಾಮಿಯ ಕಥೆಯನ್ನು ನಮ್ಮ ಮನೆಗಳಲ್ಲಿ ಮಕ್ಕಳೂ ಬಲ್ಲರು. ಕನ್ನಡದಲ್ಲಿ ಭಾಸ್ಕರ ಕವಿ 1424ರಲ್ಲಿ ಇದನ್ನು ಷಟ್ಪದಿಯಾಗಿ ರಚಿಸಿದನು. ಏಟು ತಿಂದು ಸಾಯುತ್ತಿದ್ದ ನಾಯಿಗೆ ಆ ರಾಜಕುಮಾರನು ಪಂಚನಮಸ್ಕಾರ ಮಂತ್ರವನ್ನು ಕೇಳಿಸಿದನು. ಅದು ಸುದರ್ಶನ ಯಕ್ಷನಾಗಿ ಹುಟ್ಟಿ ಅವನಿಗೆ ನೆರವಾಯಿತು. ಯಕ್ಷನ ನೆರವನ್ನು ನಾವು ನೆನಪಿಟ್ಟಿದ್ದೇವೆ. ಜೀವಂಧರನು ಆ ನಾಯಿಯನ್ನು ದಾಟಿ ಮುಂದೆ ಹೋಗಲಿಲ್ಲ, ಅದರ ಪಕ್ಕದಲ್ಲಿ ಉಳಿದನು ಎಂಬುದನ್ನು ಅಷ್ಟಾಗಿ ನೆನೆಯುವುದಿಲ್ಲ. ಎಲ್ಲ ಔಷಧಿಗಳೂ ಸೋತ ರಾತ್ರಿ ಮನೆಯವರು ಮಾಡಬಹುದಾದ ಕೆಲಸವೂ ಅದೇ.

ಬಸದಿಗಳ ಆಡಳಿತ ಮಂಡಳಿಗಳಿಗೂ ಒಂದು ವಿಜ್ಞಾಪನೆ. ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳು ಕನ್ನಡನಾಡಿನ ಜೈನ ಪರಂಪರೆಯಲ್ಲಿ ಪ್ರಸಿದ್ಧವಾಗಿವೆ. ದೆಹಲಿಯ ಚಾಂದನಿ ಚೌಕದ ಲಾಲ್ ಮಂದಿರದ ಆವರಣದಲ್ಲಿ ಜೈನರು ಪಕ್ಷಿಗಳಿಗಾಗಿಯೇ ಆಸ್ಪತ್ರೆ ನಡೆಸುತ್ತಿದ್ದಾರೆ. ಅಷ್ಟು ದೊಡ್ಡದನ್ನು ನಮ್ಮ ಊರುಗಳಲ್ಲಿ ಕಟ್ಟಲಾಗದಿದ್ದರೂ, ಪರ್ಯೂಷಣ ಮತ್ತು ದಶಲಕ್ಷಣ ಪರ್ವಗಳಲ್ಲಿ ಬರುವ ಭೈಷಜ್ಯದಾನದ ಒಂದು ಪಾಲನ್ನು ಮೂಕಪ್ರಾಣಿಗಳ ಔಷಧಿಗೆಂದು ತೆಗೆದಿರಿಸಬಹುದು. ನಾಯಿಯ ಮಾತ್ರೆಗೆ ಪ್ರತಿ ತಿಂಗಳು ಹಣ ಹೊಂದಿಸಲಾಗದ ಬಡ ಕುಟುಂಬಗಳು ನಮ್ಮಲ್ಲಿವೆ. ‘ಕರ್ಮ’ ಎಂಬ ಮಾತು ಎಷ್ಟೋ ವೇಳೆ ಅಂತಹ ಮನೆಗಳ ನಿರುಪಾಯದಿಂದ ಹೊರಡುತ್ತದೆ. ಆ ನಿರುಪಾಯವನ್ನು ನೀಗಿಸುವುದು ಸಮಾಜದ ಕೈಯಲ್ಲಿದೆ.