ತಿಳಿಯುವುದು, ತಿಳಿಸುವುದು

ಮುಂಬಯಿಯಲ್ಲಿ ನೆಲೆಸಿದ ನಮಗೆ ಪರೇಲಿನ ದಾರಿ ಚೆನ್ನಾಗಿ ಗೊತ್ತು. ಅಲ್ಲಿ 1941ರಲ್ಲಿ ಟಾಟಾ ಮೆಮೋರಿಯಲ್ ಆಸ್ಪತ್ರೆ ತೆರೆದಂದಿನಿಂದ ಕ್ಯಾನ್ಸರ್ ಪೀಡಿತ ಬಂಧುಗಳು ಊರಿನಿಂದ ಬರುವುದು ನಿಂತಿಲ್ಲ. ಇದ್ದ ಒಂದು ಕೋಣೆಯಲ್ಲೇ ಅವರಿಗೂ ಹಾಸಿಗೆ ಹಾಸುತ್ತೇವೆ. ಬೆಳಿಗ್ಗೆ ಡಾಕ್ಟರರ ಮುಂದೆ ಅವರ ದುಭಾಷಿಗಳಾಗುತ್ತೇವೆ. ಡಾಕ್ಟರರು ಆಡಿದ ನಾಲ್ಕು ಮಾತು ನಮ್ಮ ಬಾಯಲ್ಲಿ ಕನ್ನಡವಾಗುವಾಗ ಎರಡೇ ಆಗುತ್ತದೆ. ಉಳಿದೆರಡನ್ನು ನಾವು ನುಂಗಿಬಿಡುತ್ತೇವೆ. ಇದು ದಯೆಯೋ, ವಂಚನೆಯೋ? ಈ ಹಳೆಯ ಪ್ರಶ್ನೆಯನ್ನು ವಿಜ್ಞಾನದ ಒಂದು ಶೋಧ ಇನ್ನಷ್ಟು ಹರಿತಗೊಳಿಸಿದೆ.

ನಮ್ಮ ದೇಹದಲ್ಲಿ ಪ್ರತಿ ಕ್ಷಣವೂ ಜೀವಕೋಶಗಳು ಸಾಯುತ್ತಿರುತ್ತವೆ. ಗರ್ಭದಲ್ಲಿ ಶಿಶುವಿನ ಬೆರಳುಗಳ ನಡುವಿನ ಕೋಶಗಳು ಸತ್ತರೇ ಬೆರಳು ಬಿಡಿಬಿಡಿಯಾಗುವುದು. ದೇಹವೇ ಏರ್ಪಡಿಸುವ ಈ ಸಾವಿಗೆ ಕೆರ್, ವೈಲಿ, ಕರಿ ಎಂಬ ಮೂವರು ವಿಜ್ಞಾನಿಗಳು 1972ರಲ್ಲಿ ‘ಅಪೊಪ್ಟೋಸಿಸ್’ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಮರದಿಂದ ಎಲೆ ಉದುರುವುದಕ್ಕೆ ಆ ಮಾತು. ಹಣ್ಣೆಲೆ ಉದುರಿದರಷ್ಟೇ ಚಿಗುರಿಗೆ ಜಾಗ. ಕ್ಯಾನ್ಸರ್ ಕೋಶವಾದರೋ ಉದುರಲು ಒಲ್ಲದ ಎಲೆ. ಅದನ್ನು ಉದುರಿಸುವುದೇ ಬಹುಮಟ್ಟಿಗೆ ಔಷಧ, ವಿಕಿರಣಗಳ ಕೆಲಸ.

ಉದುರಿತೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಸಾಮಾನ್ಯವಾಗಿ ಕೆಲವು ವಾರ ಕಾದು, ಸ್ಕ್ಯಾನ್ ಮಾಡಿ, ಗಡ್ಡೆ ಕುಗ್ಗಿದೆಯೇ ಎಂದು ನೋಡುತ್ತಾರೆ. ವಿಕಿರಣಶೀಲ ಫ್ಲೋರಿನ್ ಸೇರಿಸಿದ ಸಕ್ಕರೆಯನ್ನು ಕೊಟ್ಟು ಮಾಡುವ ಪೆಟ್ ಪರೀಕ್ಷೆ, ಕೋಶ ಎಷ್ಟು ಉಣ್ಣುತ್ತಿದೆ ಎಂಬುದನ್ನು ತೋರಿಸುತ್ತದೆ, ಸಾವನ್ನೇ ತೋರಿಸುವುದಿಲ್ಲ. ಆದರೆ ಸಾಯಹೊರಟ ಕೋಶ ಒಂದು ಗುರುತು ಬಿಡುತ್ತದೆ. ಅದರ ಪೊರೆಯ ಒಳಮೈಯಲ್ಲಿರಬೇಕಾದ ಫಾಸ್ಫಟಿಡೈಲ್‌ಸೆರೀನ್ ಎಂಬ ಕೊಬ್ಬಿನ ವಸ್ತು ಹೊರಮೈಗೆ ಬರುತ್ತದೆ. ಅನೆಕ್ಸಿನ್ ಎಂಬ ಪ್ರೋಟೀನು ಅದಕ್ಕೆ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಆ ಪ್ರೋಟೀನಿಗೆ ಟೆಕ್ನೀಷಿಯಂ-99ಎಂ ಎಂಬ ವಿಕಿರಣಶೀಲ ಧಾತುವನ್ನು ಜೋಡಿಸಿ ರಕ್ತನಾಳಕ್ಕೆ ಚುಚ್ಚಿದರೆ, ಹೊರಗಿನ ಕ್ಯಾಮೆರಾ ಸಾವು ನಡೆದಿರುವ ಜಾಗವನ್ನು ಚಿತ್ರಿಸುತ್ತದೆ. ಆರು ಗಂಟೆಗೊಮ್ಮೆ ಆ ಧಾತುವಿನ ಕಸುವು ಅರ್ಧಕ್ಕಿಳಿಯುತ್ತದೆ. ಅಮೆರಿಕದ ಬ್ಲಾಂಕೆನ್‌ಬರ್ಗ್ ಮತ್ತು ಸಂಗಡಿಗರು 1998ರಲ್ಲಿ ಪ್ರಾಣಿಗಳಲ್ಲಿ ಇದನ್ನು ಮಾಡಿ ತೋರಿಸಿದರು. ಅನಂತರ ರೋಗಿಗಳಲ್ಲೂ ಪ್ರಯೋಗಗಳು ನಡೆದವು. ಕೋಶಗಳೆಲ್ಲ ಒಂದೇ ಹೊತ್ತಿಗೆ ಸಾಯುವುದಿಲ್ಲ, ಬೇರೆ ಕಡೆಯ ಸಾವೂ ಚಿತ್ರದಲ್ಲಿ ಮೂಡುತ್ತದೆ. ಆದ್ದರಿಂದ ಇದಿನ್ನೂ ಆಸ್ಪತ್ರೆಯ ನಿತ್ಯದ ಪರೀಕ್ಷೆಯಾಗಿಲ್ಲ.

ಒಂದು ದಿನ ಆಯಿತೆಂದೇ ಭಾವಿಸೋಣ. ಮೊದಲ ಔಷಧ ಕೊಟ್ಟ ಎರಡು-ಮೂರು ದಿನಕ್ಕೇ ಚಿತ್ರ ಬರುತ್ತದೆ: ಗಡ್ಡೆಯಲ್ಲಿ ಸಾವಿನ ಗುರುತಿಲ್ಲ. ಬೇರೆ ಔಷಧವಿದ್ದರೆ ಆ ತಿಳಿವು ವರವೇ ಸರಿ. ವ್ಯರ್ಥ ಸಂಕಟ, ವ್ಯರ್ಥ ಖರ್ಚು ತಪ್ಪಿತು. ಬೇರೆ ಔಷಧವಿಲ್ಲದಿದ್ದರೆ? ಆರು ವಾರದ ಆಸೆಯನ್ನು ಮೂರೇ ದಿನದಲ್ಲಿ ಕಿತ್ತುಕೊಂಡಂತಾಗಲಿಲ್ಲವೇ? ತಿಳಿಯದಿರುವುದೇ ಲೇಸೆಂದು ಯಾರಾದರೂ ಹೇಳಿದರೆ ಆ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ. ನಾವೂ ಬಹುಕಾಲ ಹಾಗೆಯೇ ನಂಬಿದ್ದೆವು.

ಧಾರವಾಡದ ಕಡೆಯಿಂದ ನಮ್ಮಲ್ಲಿಗೆ ಬಂದಿದ್ದ ಕಾಕಾ ಒಬ್ಬರ ನೆನಪಾಗುತ್ತದೆ. ಡಾಕ್ಟರರ ಕೋಣೆಯಿಂದ ಹೊರಬಂದು ಮೆಟ್ಟಿಲಿಳಿಯುತ್ತ ಅವರು ಕೇಳಿದರು: “ಅಲ್ಲೋ ತಮ್ಮಾ, ಅವ್ರು ಅಷ್ಟೊತ್ತು ಮಾತಾಡಿದ್ರು, ನೀ ಇಷ್ಟ ಹೇಳಿದೆಲ್ಲಾ?” ನಮ್ಮಲ್ಲಿ ಉತ್ತರವಿರಲಿಲ್ಲ. ಅವರು ಮತ್ತೆ ಕೇಳಲೂ ಇಲ್ಲ. ತಮ್ಮಂದಿರೊಡನೆ ಇದ್ದ ಹೊಲದ ವ್ಯಾಜ್ಯ ಮುಗಿಸಬೇಕೆಂದು ಆಗಾಗ ಅನ್ನುತ್ತಿದ್ದರು. ವಾಸಿಯಾದ ಮೇಲೆ ನೋಡಿದರಾಯಿತೆಂದು ನಾವೇ ಸಮಾಧಾನ ಹೇಳುತ್ತಿದ್ದೆವು. ಅವರು ಹೋದರು, ವ್ಯಾಜ್ಯ ಹಾಗೆಯೇ ಉಳಿಯಿತು. ಅವರಿಗೆ ನೋವಾದೀತೆಂದು ಮುಚ್ಚಿಟ್ಟೆವೆಂದುಕೊಂಡಿದ್ದೆವು. ಹೇಳಲು ಅಂಜಿದವರು ನಾವೇ ಎಂಬುದು ಆಮೇಲೆ ತಿಳಿಯಿತು.

ಆಸೆ ದೊಡ್ಡದು, ನಿಜ. ಆದರೆ ಉಳಿದ ದಿನಗಳು ರೋಗಿಯವು, ನಮ್ಮವಲ್ಲ. ಅವುಗಳಲ್ಲಿ ಯಾರನ್ನು ನೋಡಬೇಕು, ಯಾವ ಜಗಳ ಮುಗಿಸಬೇಕು, ಯಾವ ಮನೆಯಲ್ಲಿ ಮಲಗಬೇಕು ಎಂದು ನಿರ್ಧರಿಸುವವರು ಅವರೇ. ಎಷ್ಟು ತಿಳಿಯಬೇಕೆಂಬುದನ್ನೂ ಅವರನ್ನೇ ಕೇಳಬೇಕು. ಬೇಡವೆಂದರೆ ಸುಮ್ಮನಿರುವುದೂ ಗೌರವವೇ. ಬೇಕೆಂದರೆ ನಾಲ್ಕು ಮಾತನ್ನೂ, ಒಂದೇ ಸಲಕ್ಕಲ್ಲದಿದ್ದರೂ, ಪಕ್ಕದಲ್ಲಿ ಕುಳಿತು ಮೆಲ್ಲಗೆ ಹೇಳಬೇಕು. ಚಿತ್ರ ಮೂರು ದಿನಕ್ಕೆ ಬರಲಿ, ಆರು ವಾರಕ್ಕೆ ಬರಲಿ, ಈ ಹೊಣೆ ನಮಗೆ ತಪ್ಪಿದ್ದಲ್ಲ. ಮುಂದಿನ ಸಲ ಊರಿನಿಂದ ಯಾರಾದರೂ ಬಂದಾಗ, ಡಾಕ್ಟರರ ಕೋಣೆಗೆ ಹೋಗುವ ಮೊದಲೇ ಅವರನ್ನು ಕೇಳಿಬಿಡೋಣ.